ಕರೆಪ್ಪನ ಪೇಚು

"ಉಳ್ಳೋ ಲೇ ಪರಸ್ಯಾ! ಬಲಕ್ಕ ಉಳ್ಳು!"

ಕರೆಪ್ಪ ಪೈಲವಾನ ಕಟ್ಟೆಯ ಮೇಲಿನ ಕುರ್ಚಿಯಿಂದ ಎದ್ದು, ಉರುಳು ಎಂದು ಕೂಗಿದ. ಕೆಳಗೆ ಕುಸ್ತಿಯ ಕಣದಲ್ಲಿ ಅವನ ಮಗ ಪರಸಪ್ಪ ಬೋರಲು ಬಿದ್ದಿದ್ದ. ಒಡೆದ ಹುಬ್ಬಿನಿಂದ ಸುರಿದ ನೆತ್ತರಿಗೆ ಕೆಂಪು ಮಣ್ಣು ಮೆತ್ತಿಕೊಂಡು ಒಂದು ಕಣ್ಣು ಮುಚ್ಚಿಯೇ ಹೋಗಿತ್ತು. ಬೀಳಗಿ ಕಡೆಯ ಗಿರಿಮಲ್ಲಪ್ಪ ಅವನ ಬೆನ್ನೇರಿ ಕೂತು, ಎಡಗೈಯನ್ನು ಹಿಂದಕ್ಕೆ ಮಡಚಿ, ಮಣಿಕಟ್ಟನ್ನು ಕುತ್ತಿಗೆಯತ್ತ ಒತ್ತುತ್ತಿದ್ದ. ಒತ್ತಿದಂತೆಲ್ಲ ಪರಸಪ್ಪನ ಬಾಯಿಂದ ಉಸಿರಿನ ಜೊತೆ ಮಣ್ಣು ಹಾರುತ್ತಿತ್ತು.

ಜಮಖಂಡಿಯ ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಹಲಗೆ ಬಡಿಯುವವರ ಕೈ ಜೋರಾಯಿತು. "ಕರೆಪ್ಪನ ಪೇಚು! ಕರೆಪ್ಪನ ಪೇಚು!" ಎಂದು ಸಾವಿರ ಗಂಟಲು ಒಮ್ಮೆಲೇ ಒದರಿದವು. ಎಂಥ ಜನ ನೋಡಿ! ಅಪ್ಪನ ಹೆಸರು ಕೂಗಿ ಮಗನ ಕೈ ಮುರಿಸಲು ನಿಂತಿದ್ದರು, ಅದೂ ಅಪ್ಪನಿಗೆ ಮರ್ಯಾದೆ ಮಾಡುತ್ತಿದ್ದೇವೆಂಬ ಖುಷಿಯಲ್ಲಿ.

ಕೈ ಮಡಚಿ ಹಾಕುವ ಆ ಪಟ್ಟಿನ, ಆ ಪೇಚಿನ ಹೆಸರೇ ಹಾಗಿತ್ತು. ಹದಿನೆಂಟು ವರ್ಷದ ಹಿಂದೆ ಇದೇ ಕಣದಲ್ಲಿ ಕರೆಪ್ಪ ಅದನ್ನು ಹಾಕಿ ಬೀಳಗಿ ಕಡೆಯ ಸಿದರಾಯನನ್ನು ಕೆಡವಿದ್ದ. ಸಿದರಾಯನೇನು ಸಾಮಾನ್ಯನೇ? ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅವತ್ತು ಅವನ ಎಡ ಹೆಗಲು ಕಿತ್ತು ಬಂತು, ತೋಳು ಬರಬರುತ್ತ ಒಣಗಿ ಕಡ್ಡಿಯಾಯಿತು. ಕರೆಪ್ಪನ ಹೆಸರು ಮಾತ್ರ ಬೆಳೆಯಿತು. ತೇರದಾಳ, ಬನಹಟ್ಟಿ, ಮುಧೋಳದ ಗರಡಿಗಳ ಗೋಡೆಯ ಮೇಲೆ ಅವನ ಪಟ ಬಂತು. ಸಂತೆಯಲ್ಲಿ ಯಾರಾದರೂ ಮಾತಿಗೆ ಸಿಕ್ಕಿಬಿದ್ದರೆ, "ಕರೆಪ್ಪನ ಪೇಚಿಗೆ ಬಿದ್ದ ನೋಡ್ ಮಗಾ" ಎಂದು ಕಾಯಿಪಲ್ಲೆ ಮಾರುವ ಹೆಂಗಸರೂ ನಗುವಂತಾಯಿತು.

ಮಣ್ಣಿಗೆ ಒಂದು ನೇಮವಿತ್ತು. ಕೈ ತಿರುವಬಹುದು, ಆದರೆ ಕೆಳಗಿದ್ದವನಿಗೆ ಉರುಳಲು ದಾರಿ ಬಿಟ್ಟೇ ತಿರುವಬೇಕು. ಉರುಳಿದರೆ ಬೆನ್ನಿಗೆ ಮಣ್ಣು ಹತ್ತಿ ಸೋಲುತ್ತಾನೆ, ಕೈ ಉಳಿಯುತ್ತದೆ. ಹಟಕ್ಕೆ ಬಿದ್ದು ಉರುಳದಿದ್ದರೆ ಕೈ ಹೋಗುತ್ತದೆ. ಅದು ಅವನ ಕರ್ಮ. ಸಿದರಾಯ ಹಟಕ್ಕೆ ಬಿದ್ದು ಕೈ ಕಳಕೊಂಡ ಎಂದೇ ಎಲ್ಲರೂ ನಂಬಿದ್ದರು. ಅವನೊಬ್ಬ ಮಾತ್ರ ಕೈಗೆ ಪಟ್ಟಿ ಸುತ್ತಿಕೊಂಡು ಊರೂರು ಹೇಳಿದ: "ನನ್ನ ಉಳ್ಳಾಕ ಬಿಡಲಿಲ್ರೀ. ಬಲ ಪಕ್ಕಿಗೆ ಮೊಣಕಾಲ ಕೊಟ್ಟಿದ್ದಾ." ಜನ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಕರೆಪ್ಪನೂ ಅದನ್ನೇ ಅಂದ. ಅಂದೂ ಅಂದೂ ಅವನಿಗೂ ಅದೇ ಖರೆಯಾಗಿ ಹೋಯಿತು.

ಈಗ ಪರಸಪ್ಪನ ಬೆನ್ನೇರಿ ಕೂತವನು ಆ ಸಿದರಾಯನ ಮಗ.

"ಹಟಾ ಬ್ಯಾಡೋ ಮಗನ! ಸೋತ್ರ ಸೋತಿ, ಉಳ್ಳೋ!" ಕರೆಪ್ಪನ ಗಂಟಲು ಹರಿಯಿತು. ಪರಸಪ್ಪ ಹಟಮಾರಿಯಾಗಿರಲಿಲ್ಲ. ಬನಹಟ್ಟಿಯಲ್ಲಿ ಮಗ್ಗಕ್ಕೆ ಹೋಗುತ್ತಿದ್ದ. ಎರಡು ಕೈ ಆಡಿದರಷ್ಟೇ ಅವನ ಮನೆಯ ಒಲೆ ಉರಿಯುವುದು, ಅದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಬಲಕ್ಕೆ ಉರುಳಲು ಹೆಣಗಿದ. ಮೈ ಗೇಣು ಮೇಲೆದ್ದು ಅಲ್ಲೇ ನಿಂತಿತು. ಮತ್ತೆ ಹೆಣಗಿದ, ಮತ್ತೆ ನಿಂತಿತು. ಗಿರಿಮಲ್ಲಪ್ಪ ಮುಂಗೈಯಿಂದ ಅವನ ಕಿವಿಯ ಬುಡಕ್ಕೆ ಜಜ್ಜಿದ. ಪರಸಪ್ಪ ನೋವಿಗೆ ಕಾಲು ಝಾಡಿಸಿದ ರಭಸಕ್ಕೆ ಇಬ್ಬರೂ ಅರ್ಧ ಸುತ್ತು ತಿರುಗಿದರು. ಇಷ್ಟೊತ್ತು ಆಚೆಗಿದ್ದ ಬಲ ಮಗ್ಗುಲು ಕಟ್ಟೆಯ ಕಡೆಗೆ ಬಂತು.

ಗಿರಿಮಲ್ಲಪ್ಪನ ಮೊಣಕಾಲು ಪರಸಪ್ಪನ ಬಲ ಪಕ್ಕೆಗೆ ಬೆಣೆ ಬಡಿದಂತೆ ನಾಟಿ ನಿಂತಿತ್ತು. ಉರುಳುವುದೆಲ್ಲಿಂದ ಬಂತು?

ಹದಿನೆಂಟು ವರ್ಷ ಮಣ್ಣು ಮುಚ್ಚಿದ್ದು ಕರೆಪ್ಪನ ಮೈಗೆ ನೆನಪಾಯಿತು: ಸಿದರಾಯನ ಪಕ್ಕೆಲುಬು ತನ್ನ ಮೊಣಕಾಲಿನ ಕೆಳಗೆ ಅದುರಿದ್ದು, ಅವನು ಉರುಳಲು ಒದ್ದಾಡಿದ್ದು, ತಾನು ಇನ್ನಷ್ಟು ಒತ್ತಿದ್ದು.

ಕಣದಲ್ಲಿದ್ದ ಪಂಚ ಬಸಗೊಂಡಪ್ಪ ಬಗ್ಗಿ ನೋಡಿ ಕೈ ಎತ್ತಿದ. ಹಲಗೆ ನಿಂತಿತು.

"ಮೊಣಕಾಲ ಕೊಟ್ಟೀಯಲ್ಲೋ ತಮ್ಮಾ! ತಪ್ಪಿದು, ಬಿಡು!"

ಗಿರಿಮಲ್ಲಪ್ಪ ಬಿಡಲಿಲ್ಲ. ಮುಖದ ಬೆವರು ಪರಸಪ್ಪನ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. "ತಪ್ಪ ಹ್ಯಾಂಗ ಆಗ್ತೈತ್ರೀ? ಕರೆಪ್ಪ ಕಾಕಾನ ಪೇಚ್ರೀ ಇದು. ನಮ್ಮಪ್ಪನ ಮೈಮ್ಯಾಲೆ ಹ್ಯಾಂಗ ಹಾಕಿದ್ರೋ ಹಾಂಗ ಅಪ್ಪ ನನಗ ಕಲಿಸ್ಯಾನ."

ಹಗ್ಗದ ಆಚೆ ಸಿದರಾಯ ನಿಂತಿದ್ದ. ಅಂಗಿಯ ಎಡತೋಳು ಜೋತಾಡುತ್ತಿತ್ತು. "ಕರೆಪ್ಪನ್ನ ಕೇಳ್ರಿ," ಎಂದ, ದನಿ ಎತ್ತರಿಸದೆ. "ಇದು ತಪ್ಪಂತ ಅವ ಅನ್ನಲಿ. ನನ್ನ ಮಗ ಈಗ ಬಿಡ್ತಾನ."

ಬಸಗೊಂಡಪ್ಪ ಕಟ್ಟೆಯತ್ತ ತಿರುಗಿದ. "ಕರೆಪ್ಪಾ, ಪೇಚು ನಿಂದು. ನೀನ ಹೇಳಪ. ಹಿಂಗ ಇತ್ತೋ, ತಪ್ಪೋ?"

ಒಂದೇ ಒಂದು ಮಾತು ಸಾಕಿತ್ತು. ಕರೆಪ್ಪ ಬಾಯಿ ತೆರೆದ. ತಪ್ಪು ಎಂದರೆ, ಈ ಹುಡುಗ ಅದನ್ನು ಎಲ್ಲಿಂದ ಕಲಿತ ಎಂದು ಕೇಳುತ್ತಾರೆ. ತನ್ನ ಪೇಚು ಬೇರೆಯಿತ್ತು ಅನ್ನಬಹುದು. ತನ್ನ ಮೊಣಕಾಲು ನೆಲಕ್ಕಿತ್ತು ಅನ್ನಬಹುದು. ಸಿದರಾಯ ಬೇಕೆಂದೇ ತಪ್ಪು ಕಲಿಸಿದ್ದಾನೆ ಅನ್ನಬಹುದು. ಯಾವುದು ನಿಲ್ಲುತ್ತದೆ ಎಂದು ಹುಡುಕಿದ, ಅಷ್ಟೇ. ಎರಡು ಉಸಿರಿನಷ್ಟು ಹೊತ್ತು. ಪರಸಪ್ಪ ತೆರೆದಿದ್ದ ಒಂದು ಕಣ್ಣಿಂದ ಕಟ್ಟೆಯತ್ತ ನೋಡಿ "ಅಪ್ಪಾ" ಅಂದ.

ಕಬ್ಬು ಮುರಿದಂಥ ಸಪ್ಪಳವಾಯಿತು.

ಆಮೇಲೆ ಬಂದ ಚೀರಾಟ ಮನುಷ್ಯನದು ಅನ್ನಿಸಲಿಲ್ಲ. ಗಿರಿಮಲ್ಲಪ್ಪ ಎದ್ದು, ಜೋತುಬಿದ್ದ ಮೈಯನ್ನು ಒಂದೇ ಕೈಯಿಂದ ಅಂಗಾತ ಮಗುಚಿದ. ಕೈ ಮುರಿದ ಮೇಲೆ ಯಾರನ್ನಾದರೂ ಮಗುಚಬಹುದು. ಬೆನ್ನಿಗೆ ಮಣ್ಣು ಹತ್ತಿತು, ಹಲಗೆ ಸಿಡಿಯಿತು, ಜನ ಹಗ್ಗ ಹರಿದುಕೊಂಡು ನುಗ್ಗಿದರು.

ಕರೆಪ್ಪ ಕಟ್ಟೆಯಿಂದ ಧುಮುಕಿದ. ಇಡೀ ಜನ್ಮದಲ್ಲಿ ಮಾಡದ ಕೆಲಸ, ಚಪ್ಪಲಿ ಕಾಲಲ್ಲೇ ಮಣ್ಣು ತುಳಿದು ಹೋಗಿ ಗಿರಿಮಲ್ಲಪ್ಪನ ಕೆನ್ನೆಗೆ ಬಾರಿಸಿದ. ಹುಡುಗನ ತುಟಿ ಒಡೆಯಿತು. ಇನ್ನೊಂದು ಬಾರಿಸಿದ. ಹುಡುಗ ಕೈ ಎತ್ತಲಿಲ್ಲ, ಹಿಂದೆಯೂ ಸರಿಯಲಿಲ್ಲ. ನೆತ್ತರು ಉಗುಳಿ, ಖರೆಯಾಗಿಯೂ ತಿಳಿಯದವನ ಹಾಗೆ ಕೇಳಿದ: "ಯಾಕ್ರೀ ಕಾಕಾ? ಹಿಂಗ ಅಲ್ಲೇನ್ರೀ ನಿಮ್ಮ ಪೇಚು?"

ಮೂರನೆಯ ಏಟಿಗೆ ಎತ್ತಿದ ಕೈ ಮೇಲೆಯೇ ಉಳಿಯಿತು.

ಪರಸಪ್ಪನ ಪಕ್ಕದಲ್ಲಿ ಆಗಲೇ ಸಿದರಾಯ ಮಂಡಿಯೂರಿ ಕೂತಿದ್ದ. ತಲೆಯ ರುಮಾಲು ಬಿಚ್ಚಿ, ಮುರಿದ ಕೈಯನ್ನು ಎದೆಯ ಮೇಲೆ ಮೆತ್ತಗೆ ಮಲಗಿಸಿ ಸುತ್ತುತ್ತಿದ್ದ. ಗೆದ್ದವನ ಮುಖವಾಗಿರಲಿಲ್ಲ ಅದು. "ಮೈ ಸೆಟೀಬ್ಯಾಡ ತಮ್ಮಾ. ಉಸರ ಸಣ್ಣಗ ಬಿಡು. ಮೊದಲನೇ ತಾಸು ಭಾಳ ಕೆಟ್ಟ. ಆಮ್ಯಾಲೆ ಮರಗಟ್ಟತೈತಿ, ನನಗ ಗೊತ್ತೈತಿ."

ಕರೆಪ್ಪನ ಒಳಗಿದ್ದುದೆಲ್ಲ ಒಡೆದು ಬಂತು. ಜನರ ಕಡೆಗೆ ತಿರುಗಿ ಎರಡೂ ಕೈ ಮೇಲೆತ್ತಿ ಒದರಿದ: "ಮೊಣಕಾಲಿತ್ತು! ಅವತ್ತ ನಂದೂ ಮೊಣಕಾಲಿತ್ತು! ಸಿದರಾಯ ಖರೆ ಹೇಳಿದ್ದಾ! ಕೇಳ್ರೋ, ನಾ ಸುಳ್ಳ ಹೇಳೀನಿ!"

ಹಲಗೆಯ ಅಬ್ಬರದಲ್ಲಿ ಯಾರಿಗೆ ಏನು ಕೇಳಿಸಬೇಕು? ಎತ್ತಿದ ಕೈ ಕಂಡಿತು, ಅಷ್ಟೇ. ಮಗ ಸೋತರೂ ಗೆದ್ದವನನ್ನು ಹರಸುತ್ತಿದ್ದಾನೆ, ಎಂಥ ದೊಡ್ಡ ಮನುಷ್ಯ ಎಂದುಕೊಂಡರು. "ಕರೆಪ್ಪ ಪೈಲವಾನರಿಗೆ!" ಎಂದು ಯಾರೋ ಕೂಗಿದರು, "ಜೈ!" ಎಂದು ಮೈದಾನ ಗುಡುಗಿತು. ಅವನು ಒದರಿದಷ್ಟೂ ಜೈಕಾರ ಏರಿತು. ಕೊನೆಗೆ ದನಿಯೇ ಹೋಯಿತು. ಅವನು ಮಗನ ತಲೆಯ ಬಳಿ ಹೋಗಿ ಕೂತ. ಪರಸಪ್ಪ ಮುಖವನ್ನು ಆಚೆಗೆ ಹೊರಳಿಸಿಕೊಂಡ.

ಸಿದರಾಯ ರುಮಾಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕುತ್ತಿದ್ದವನು ತುದಿಯನ್ನು ಬಾಯಿಂದ ಬಿಟ್ಟು ಕರೆಪ್ಪನನ್ನು ನೋಡಿದ.

"ನನಗ ಕೇಳಿಸ್ತು," ಎಂದ.

ಆಮೇಲೆ ಗಂಟಿನತ್ತ ಗದ್ದ ತೋರಿಸಿದ. "ಒಂದ ಕೈಲೆ ಬಿಗೀ ಆಗೂದಿಲ್ಲ. ಇಲ್ಲಿ ಬೆರಳಿಡು."

ಕರೆಪ್ಪ ಬೆರಳಿಟ್ಟ. ಸಿದರಾಯ ಬಗ್ಗಿ ತುದಿಯನ್ನು ಮತ್ತೆ ಕಚ್ಚಿ ಎಳೆದ.