ನಾಲ್ಕನೇ ಸಾಲು

ಪಾಲುಪತ್ರದಲ್ಲಿ ಮೂರಾದ ಮೇಲೆ ಐದು ಓದಿದರಲ್ಲ ಊರಿನ ಅಯ್ನೋರು ಗುರುವಯ್ಯನವರು, ಕನ್ನಡಕ ಏರಿಸಿ ಮತ್ತೆ ಓದಿದರು, ಮೂರು, ಐದು — ನಡುವೆ ಒಂದು ಬಿಳಿ ಪಟ್ಟಿ, ಸೌಜನ್ಯ ಕಾಗದದತ್ತ ಬಗ್ಗಿದಳು, ನಾಲ್ಕೆಲ್ಲಿ, ಮೂಡಿಗೆರೆಯ ಪ್ರಿಂಟಿಂಗ್ ಅಂಗಡಿಯ ಕೋಣೆ ಮಗಳು ಸೌಜನ್ಯಳಿಗೆ ಸೇರತಕ್ಕದ್ದು ಅನ್ನುವ ನಾಲ್ಕು, ಎರಡು ಸಾವಿರದ ಮೂರರ ಆಷಾಢದಲ್ಲಿ, ಅಪ್ಪ ತೀರಿಕೊಂಡ ಮೇಲೆ, ಅದೇ ಕೋಣೆಯಲ್ಲಿ ಅವಳೇ ಟೈಪ್ ಮಾಡಿ ಅವಳದೇ ಲೇಸರ್ ಮೆಷಿನ್ನಿನಲ್ಲಿ ತೆಗೆದ ಸಾಲು, ಈಗ ಅಂಗಡಿ ಖಾಲಿ ಮಾಡು ಅಂತ ತಮ್ಮ ಅಂದಿದ್ದಕ್ಕೆ ಹಿರಿಯರ ಮುಂದೆ ಪಾಲುಪತ್ರ ಬಿಚ್ಚಿಸಿದವಳೂ ಅವಳೇ, ಐದರಲ್ಲಿ ದನದ ಕೊಟ್ಟಿಗೆ ಇದೆ, ಆರರಲ್ಲಿ ಅವ್ವನ ಕಿವಿಯೋಲೆ ಇದೆ, ಅವಳ ಅಂಗಡಿ ಇಲ್ಲ. ಕೆಳಗೆ ಹಿರಿಯರ ರುಜು ಕೂತ ಹಾಗೇ ಕೂತಿದೆ, ಪೆನ್ನಿನ ಮಸಿ ಕಾಗದದೊಳಗೆ ಇಳಿಯುತ್ತದೆ, ಲೇಸರ್ ಮೆಷಿನ್ನಿನ ಟೋನರ್ ಪುಡಿ ಹಾಗಲ್ಲ, ಬಿಸಿಗೆ ಕರಗಿ ಮೇಲೆಯೇ ಅಂಟಬೇಕು, ಕಾಗದ ನುಣುಪಾಗಿರಬೇಕು, ಒಣಗಿರಬೇಕು, ಅದಕ್ಕೇ ಮಳೆಗಾಲವಿಡೀ ರೀಮುಗಳನ್ನು ಬೀರುವಿನಲ್ಲಿಟ್ಟು ಒಳಗೆ ಬಲ್ಬು ಉರಿಸುತ್ತಾಳೆ, ಬಾಣಂತಿ ಕೋಣೆ ಮಾಡಿದ್ದೀಯಲ್ಲೆ ಅಂತ ನಕ್ಕವನು ಇವನೇ, ತಮ್ಮ ಪ್ರಸನ್ನಕುಮಾರ, ಈಗ ಗೋಣಿಬೀಡಿನ ಈ ಜಗಲಿಯಲ್ಲಿ ಎದುರಿಗೇ ಕೂತು ಒಣಸಿಪ್ಪೆ ಇನ್ನೂ ಬಿಡದ ಪಾರ್ಚ್‌ಮೆಂಟ್ ಕಾಫಿ ಬೀಜ ಸುಲಿಯುತ್ತಿದ್ದಾನೆ, ಕಾಫಿ ವ್ಯಾಪಾರದವನ ಚಾಳಿ, ಹೆಬ್ಬೆರಳಿನ ಉಗುರಿನಲ್ಲಿ ಸಿಪ್ಪೆ ಗೀರಿ ತೇವ ನೋಡುವುದು.

ಉಗುರು, ಪತ್ರ ತೆಗೆದ ಅವತ್ತೂ ಅದೇ ಉಗುರು — ದೇವ್ರ ಮನೆ ಪೆಟ್ಟಿಗೇಲಿ ಇಡೋ ಪತ್ರ ಅಕ್ಕ, ಮಾಮೂಲಿ ಕಾಗದ ಬೇಡ ಎನ್ನುತ್ತ ಉಬ್ಬುಗೆರೆಗಳ ದಪ್ಪ ಕಾಗದ ತಂದಿದ್ದ, ಮಳೆಗೆ ಮೆತ್ತಗಾಗಿತ್ತು, ಇದು ಬೇಡ ಮಾರಾಯ, ಗೆರೆಯ ತಗ್ಗಿಗೆ ಪುಡಿ ಇಳಿಯಲ್ಲ, ಥಂಡಿ ಬೇರೆ, ಮೆಷಿನ್ನಿನ ಬಿಸಿಯೆಲ್ಲ ನೀರು ಆರಿಸೋಕೇ ಹೋಗುತ್ತೆ, ಅಕ್ಷರ ನಿಲ್ಲಲ್ಲ ಅಂತ ಇವಳೇ ಹೇಳಿದಳು, ದಡ್ಡಿ, ಪಾಠ ಹೇಳಿಕೊಟ್ಟಳು, ಹಾಳಾದ ಹಾಳೆಯೊಂದರ ಮೇಲೆ ಅವನು ಉಗುರು ಆಡಿಸಿದ, ಇಡೀ ಅಕ್ಷರ ಎದ್ದು ಬಂತು, ಏ, ಸಿಪ್ಪೆ ಬಿಟ್ಟಂಗೆ ಬಿಡುತ್ತಲ್ಲೆ, ಇಬ್ಬರೂ ನಕ್ಕರು, ನಕ್ಕಳಲ್ಲ ಅವಳೂ! ಒಂದು ದಿನ ಬೀರುವಿನಲ್ಲಿ ಒಣಗಿಸಬೇಕಿತ್ತು, ಮೆಷಿನ್ ನಿಧಾನಕ್ಕೆ ಓಡಿಸಬೇಕಿತ್ತು, ಗೋಣಿಬೀಡಿನ ಬಸ್ಸಿಗೆ ಹೊತ್ತಾಯ್ತು ತೆಗಿಯೆ ಅಂದ, ತೆಗೆದಳು. ಒಂದೇ ಪ್ರತಿ ಸಾಕು, ದೇವ್ರ ಮುಂದೆ ಇಟ್ಟಿದ್ದಕ್ಕೆ ನಕಲು ತೆಗೀಬಾರ್ದು ಅಂದರು ಗುರುವಯ್ಯನವರು, ದಿನವಿಡೀ ನಕಲು ತೆಗೆದೇ ಅನ್ನ ಉಣ್ಣುವವಳು ಅದಕ್ಕೂ ಹೂಂ ಅಂದಳು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಪೆಟ್ಟಿಗೆಗಿಟ್ಟರು, ಬೀಗದ ಕೈ ತಮ್ಮನ ಉಡಿದಾರಕ್ಕೆ ಹೋಯಿತು.

ನಾಲ್ಕಿತ್ತು, ಅಯ್ನೋರೆ, ಅವತ್ತು ನೀವೇ ಓದಿದ್ರಿ — ವಯಸ್ಸಾಯ್ತಮ್ಮ, ನೆನಪಿಲ್ಲ, ಪತ್ರದಲ್ಲಿರೋದೇ ನಮಗೆ ಪ್ರಮಾಣ. ಪ್ರಸನ್ನ ತಲೆಯೆತ್ತುವುದಿಲ್ಲ, ಕಾಗದ ಥಂಡಿ, ಅಕ್ಷರ ನಿಲ್ಲಲ್ಲ ಅಂತ ಅಕ್ಕನೇ ಹೇಳಿತ್ತು, ಉದುರಿರ್ಬೇಕು — ಅವಳ ಮಾತು, ಅವಳ ಬಾಯಿಂದಲೇ ಎತ್ತಿಕೊಂಡ ಮಾತು, ಥೂ, ಸೊಂಟದ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟಿದ್ದೆನಲ್ಲೋ ನಿನ್ನ! ಉದುರಿದರೆ ಒಂದೇ ಸಾಲು ಉದುರುತ್ತದೇನೋ, ಮೂರರ ಒತ್ತಕ್ಷರ ಮುಕ್ಕಾಗದೆ, ಐದರ ಕೊಂಬು ಅಲುಗದೆ, ಅವಳ ಹೆಸರು ಮಾತ್ರ ಎದ್ದು ಹೋಗುತ್ತದೇನೋ, ಕಾಗದ ಕಿತ್ತುಕೊಂಡು ಬೆಳಕಿಗೆ ಹಿಡಿಯುತ್ತಾಳೆ, ಆ ಬಿಳಿ ಪಟ್ಟಿಯಲ್ಲಿ ಗೆರೆಗಳ ನೆತ್ತಿ ಸವೆದು ಕಾಗದದ ಜುಂಗು ಎದ್ದಿದೆ, ಉದ್ದಕ್ಕೂ ಗೀರು, ನೋಡಿ ಅಯ್ನೋರೆ, ನೋಡಿ, ಅವರು ಆಗಲೇ ಕನ್ನಡಕ ಮಡಚುತ್ತಿದ್ದಾರೆ, ಎದುರಿಗೆ ಉಗುರು, ಸಿಪ್ಪೆಯ ಅಡಿಗೆ ನುಸುಳುವ ಉಗುರು, ಸುಲಿದ ಬೀಜ ಬಟ್ಟಲಿಗೆ ಬಿತ್ತು, ಇನ್ನೊಂದು ಎತ್ತಿಕೊಂಡ, ಉಗುರು —