ಹದಿನಾರು ಮನೆಗಳ ಚೌಕ

ಆ ಬೆಳಗ್ಗೆ ಆಷಾಢದ ಗಾಳಿ ಕುಂದಲಹಳ್ಳಿ ಗೇಟಿನ ಧೂಳನ್ನೆಲ್ಲ ಎತ್ತಿ ಆಡಿಸುತ್ತಿತ್ತು. ಮೋಡ ಕವಿದಿತ್ತು, ಹನಿ ಮಾತ್ರ ಬೀಳಲೊಲ್ಲದು. ಕೊಟ್ರಪ್ಪ ಬಾಗಲಗುಂಟೆಯಿಂದ ಮೂರು ಬಸ್ಸು ಬದಲಿಸಿ ಸ್ಕ್ಯಾನ್ ಸೆಂಟರಿಗೆ ಬಂದಾಗ ಅವನ ರೆಪ್ಪೆಯ ಮೇಲೂ ಕೆಂಪು ಧೂಳು ಕೂತಿತ್ತು. ಅವನ ತಲೆಯೊಳಗಿನ ಗಡ್ಡೆಗೆ ಇದು ಮೂರನೇ ಸ್ಕ್ಯಾನು.

ಆ ಯಂತ್ರದ ಹತ್ತಿರ ಲೋಹ ಒಯ್ಯುವಂತಿಲ್ಲ. ಕೊಟ್ರಪ್ಪ ಕೊರಳಿನ ಬೆಳ್ಳಿ ಕರಡಿಗೆಯನ್ನು ಒಳಗಿನ ಲಿಂಗದ ಸಮೇತ ಬಲಗೈಯಿಂದ ತೆಗೆದು ಶೈಲಶ್ರೀಯ ಮುಂದೆ ಹಿಡಿದ. ಮೆದುಳಿನ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ಸಾಫ್ಟ್‌ವೇರ್ ಬರೆಯುವವಳು ಅವಳು. ಆಫೀಸು ಅದೇ ಕಟ್ಟಡದ ಮೇಲಿನ ಮಹಡಿ.

"ಮತ್ತೊಬ್ಬರ ಕೈಯಾಗ ಕೊಡಬಾರದು. ನಿಮ್ಮ ಕೊಳ್ಳಾಗೂ ಲಿಂಗ ಐತಿ ಅಂತ ಕೊಡಾಕತ್ತೀನ್ರಿ ಅಕ್ಕಾರ," ಅಂದ. "ಎಡಗೈ ಹಿಡಿತ ಹೋಗೇತಿ. ಪೂಜಿಗೆ ಅಂಗೈ ಮ್ಯಾಲೆ ಇಟ್ಕೊಂಡ್ರ ಜಾರತೈತಿ. ಫ್ಯಾಕ್ಟರ್ಯಾಗ ಲೇತ್ ಮುಂದ ನಿಲ್ಲಬ್ಯಾಡ ಅಂದಾರ."

"ಯಾವಾಗಿಂದ?"

"ಯುಗಾದಿಯಿಂದ. ಗಡ್ಡಿ ಬೆಳದಿಲ್ಲ ಅಂತ ನಿಮ್ಮ ರಿಪೋರ್ಟಿನ್ಯಾಗ ಇತ್ತಲ್ಲ, ಡಾಕ್ಟ್ರು ಕಾಯೋಣು ಅಂದಿದ್ರು."

ಶೈಲಶ್ರೀ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ಮೇಲೆ ಹೋದಳು. ಹಳೆಯ ಚಿತ್ರದ ಮೇಲೆ ಹೊಸದನ್ನು ಕೂರಿಸಲು ತಲೆ ಎಷ್ಟು ತಿರುಗಿದೆ, ಎಷ್ಟು ಸರಿದಿದೆ ಎಂಬುದನ್ನು ಹದಿನಾರು ಮನೆಗಳ ಚೌಕದಲ್ಲಿ ಅಂಕಿಗಳಾಗಿ ಬರೆಯುತ್ತಾರೆ, ಅದೇ ಮ್ಯಾಟ್ರಿಕ್ಸ್. ಒಬ್ಬನದೇ ತಲೆಗೆ ತಿರುಗಿಸುವುದು, ಸರಿಸುವುದು ಸಾಕು. ಹಿಗ್ಗಿಸಲು ಕುಗ್ಗಿಸಲು ಬಿಟ್ಟರೆ ಚಿತ್ರಗಳು ಇನ್ನೂ ಚೆಂದ ಕೂಡುತ್ತವೆ. ಮಾಘದಲ್ಲಿ ಆದ ಕೊಟ್ರಪ್ಪನ ಎರಡನೇ ಸ್ಕ್ಯಾನಿಗೆ ಅವಳು ಅದಕ್ಕೂ ಬಿಟ್ಟಿದ್ದಳು. ಬೇಗ ಮುಗಿಯಲೆಂದು ಗಡ್ಡೆಯ ಸುತ್ತಲಿನ ತುಣುಕನ್ನಷ್ಟೇ ಹೊಂದಿಸಿದ್ದಳು. ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ ಪರದೆ ಪೂರ್ತಿ ಕಪ್ಪು, ಬದಲಾವಣೆಯೇ ಇಲ್ಲ. "ಸಕ್ಕತ್ ಮ್ಯಾಚ್ ಕಣ್ರೀ," ಎಂದು ಮ್ಯಾನೇಜರ್ ವಿಶ್ವನಾಥ್ ಅದನ್ನು ಗೋಡೆಗೆ ಹಚ್ಚಿದ್ದ.

ಈಗ ಆ ಮಾಘದ ಚೌಕವನ್ನು ತೆರೆದಳು. ಓರೆಯಾಗಿ ಇಳಿಯುವ ಮೊದಲ ಮೂರು ಮನೆಗಳಲ್ಲೂ ೧ರ ಆಸುಪಾಸು ಇರಬೇಕಾದ ಅಂಕಿ ೦.೮೨ ಇತ್ತು. ಗಡ್ಡೆ ಆಗಲೇ ಬೆಳೆದಿತ್ತು. ಬೆಳೆದುದನ್ನು ಅವಳ ಲೆಕ್ಕವೇ ಹಿಂಡಿ, ಹಳೆಯ ಅಳತೆಗೆ ತುರುಕಿತ್ತು.

"ಮೇಲ್‌ನಲ್ಲಿ ಏನೂ ಬರೀಬೇಡಿ ಶೈಲಾ," ಅಂದ ಅವಳ ಪರದೆಯನ್ನು ಬಗ್ಗಿ ನೋಡಿದ ವಿಶ್ವನಾಥ್. "ಇನ್ಮೇಲೆ ಸರಿ ಮಾಡ್ಕೊಳ್ಳೋಣ. ಆ ಮನುಷ್ಯನಿಗೆ ಮ್ಯಾಟ್ರಿಕ್ಸ್ ಅಂದ್ರೆ ಅರ್ಥ ಆಗುತ್ತಾ?"

ಅವಳು ಕೊಟ್ರಪ್ಪನ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಆಗಷ್ಟೇ ಮುಗಿದಿದ್ದ ಸ್ಕ್ಯಾನಿನ ಚಿತ್ರ ತರಿಸಿಕೊಂಡು ನೋಡಿದರು. "ಆಪರೇಷನ್ ಮಾಡ್ತೀನಮ್ಮ, ಜೀವ ಉಳಿಯುತ್ತೆ. ಕೈ ವಾಪಸ್ ಬರಲ್ಲ. ಜನವರೀಲೇ ಗೊತ್ತಾಗಿದ್ರೆ ಕೈಯೂ ಉಳೀತಿತ್ತು."

ಮುಷ್ಟಿಯೊಳಗಿನ ಬೆಳ್ಳಿ ಬಿಸಿಯಾಗಿತ್ತು. ಅವಳು ಎರಡು ಸಾಲು ಬರೆದಳು: ಮಾಘದ ವರದಿ ತಪ್ಪು, ತಪ್ಪು ನನ್ನದು. ಸಹಿ ಹಾಕಿ ಕೆಳಗಿಳಿದಳು.

ಚಿತ್ರವನ್ನು ತಿರುಗಿಸಿದ್ದು, ಸರಿಸಿದ್ದು, ಗಡ್ಡೆಯನ್ನು ಹಿಂಡಿ ಹಳೆಯ ಅಳತೆಗೆ ಕೂರಿಸಿದ್ದು ಎಲ್ಲವನ್ನೂ ಅವಳು ಹೇಳಿದಳು. ಕೊಟ್ರಪ್ಪ ಬೆಂಚಿನ ಮೇಲೆ ಕೂತು ಕೊನೆಯವರೆಗೂ ಕೇಳಿದ. ಡಾಕ್ಟರು ಹೇಳಿದ್ದನ್ನೂ ಕೇಳಿದ. ಕಾಗದವನ್ನು ಮಡಚಿ ಜೇಬಿಗಿಟ್ಟ. ಆಮೇಲೆ ನಕ್ಕ, ಆ ನಗೆಯಲ್ಲಿ ಪಸೆ ಇರಲಿಲ್ಲ.

"ಲೇತಿಗೆ ಹಾಕಿದ ಜಾಬ್ ನಾವೂ ತಿರುಗಸ್ತೀವಿ, ಸರಸ್ತೀವಿ. ಅಳತಿ ಗೇಜಿಗೆ ಕುಂದರಲಿ ಅಂತ ದಪ್ಪ ಇದ್ದದ್ದನ್ನ ಅರದು ಇಟ್ಟು, ದಪ್ಪನ ಇದ್ದಿದ್ದಿಲ್ಲ ಅಂದ್ರ ಮೇಸ್ತ್ರಿ ಬಡೀತಾನ. ನಿಮಗ ಬಡಿಯೋರು ಯಾರೂ ಇಲ್ಲೇನ್ರಿ ಅಕ್ಕಾರ?"

ಗಾಜಿನಾಚೆ ಗಾಳಿ ಇನ್ನೂ ಧೂಳಾಡಿಸುತ್ತಲೇ ಇತ್ತು.

"ಕೊಡ್ರಿ. ಬಸ್ಸು ಹೋದ್ರ ಮತ್ತ ತಾಸು ಕಾಯಬೇಕು."

ಅವನು ಅಭ್ಯಾಸಬಲದಿಂದ ಎಡಗೈಯನ್ನೇ ಮುಂದೆ ತಂದ. ಬೆರಳು ಬಿಚ್ಚಿಕೊಳ್ಳಲಿಲ್ಲ. ಬಲಗೈಯಿಂದ ಒಂದೊಂದೇ ಬಿಡಿಸಿ, ಬಲಗೈಯನ್ನೇ ಎಡಗೈಯ ಕೆಳಗೆ ಆನಿಸಿ ಹಿಡಿದ.

ಅವಳು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಆ ಎಡ ಅಂಗೈ ಮೇಲಿಟ್ಟಳು.