ಸಾವಿರದ ಅರವತ್ತನೆಯ ಸನ್

ಕ್ಲಾಸಿನ ಕಿಟಕಿಯ ಸರಳಿನಿಂದ ಗುಬ್ಬಿ ಹಾರಿತು, ಅದು ಹಾರಿದಲ್ಲಿ ಬೇವಿನ ಗಿಡ, ಗಿಡದ ಕೆಳಗೆ ತಿಕೋಟಾದ ಲಾಡಲೇಸಾಬ, ಕಂಕುಳಲ್ಲಿ ತಗಡಿನ ಕೊಳವೆ, ಅದರೊಳಗೆ ಸನದು, ಬಾದಶಹನ ಕಾಲದ ಹೊಲದ ದಾನಪತ್ರ — ಗಡಿಯಾರದಲ್ಲಿ ಹತ್ತು ನಲವತ್ತು, ಮಾಮಲೇದಾರ ಕಚೇರಿಯಲ್ಲಿ ಅವನ ವಿಚಾರಣೆ ಹನ್ನೊಂದೂವರೆಗೆ, ಮೊದಲ ಬಸ್ಸಿಗೇ ಬಂದಿರಬೇಕು, ಒಳಗೆ ಬಾ ಎಂದು ಯಾರೂ ಕರೆದಿಲ್ಲ, ಅವನೂ ಕರೆಯಲೆಂದು ಕಾಯುತ್ತಿಲ್ಲ, ಸುಮ್ಮನೆ ನಿಂತಿದ್ದಾನೆ. ಗುರುಪಾದಯ್ಯ ಸರ್ ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡಕ್ಕೆ ಇಳಿದಿದ್ದಾರೆ, ಹಕ್ಕು ಅಂದ್ರ ಏನ್ರಿ, ಪುರಾವೆ ಇದ್ರ ಹಕ್ಕು, ಇಲ್ದಿದ್ರ ಬರೇ ರೂಢಿ, ಬರ್ಕೋರಿ — ಬರೆದುಕೊಂಡಿದ್ದೇನೆ, ಪುರಾವೆ, ಪುರಾವೆ, ಪುರಾವೆ, ಮೂರು ಸಲ. ಪಕ್ಕದಲ್ಲಿ ಸಿದ್ದರಾಯ ಮೊಣಕೈ ತಿವಿಯುತ್ತಾನೆ, ಲೇ ಅಮರ್ಯಾ, ಮುಂಬಯಿಗೆ ಹೋದ್ಮ್ಯಾಲೆ ನಮ್ಮ ಗುರುತು ಹಿಡಿತೀಯೋ ಇಲ್ಲ ಅದಕ್ಕೂ ಪುರಾವೆ ಕೇಳ್ತೀಯೋ — ಎಂ.ಎ.ಗೆ ನನ್ನ ಹೆಸರು ಶಿಫಾರಸಾಗಿದೆ, ಪತ್ರ ಸರ್ ಕೋಟಿನ ಕಿಸೆಯಲ್ಲಿದೆ, ಇವತ್ತು ಟಪಾಲಿಗೆ ಹೋಗುತ್ತದೆ, ಅದಕ್ಕೆ ಕಾರಣ ನನ್ನ ಲೇಖನ, ಹೋದ ಆದಿತ್ಯವಾರ ಪತ್ರಿಕೆಯಲ್ಲಿ ಬಂದದ್ದು, ಎರಡು ಕಾಲಮ್ಮು, ತಿಕೋಟಾದ ದರ್ಗಾ ಹೊಲದ ಸನದು ಖೊಟ್ಟಿ. ಅದರ ಕತ್ತರಿಕೆಯನ್ನು ಯಾರೋ ಮಾಮಲೇದಾರರಿಗೆ ಮುಟ್ಟಿಸಿದರು, ಹೊಲ ಅವನಿಗೆ ಉಳಿಯುತ್ತದೋ ಇಲ್ಲವೋ ಎಂದು ಇವತ್ತಿನ ವಿಚಾರಣೆ ಅದರ ಮೇಲೇ.

ಸನದು ನೋಡಲು ನಮ್ಮೂರು ಹೊನವಾಡದಿಂದ ತಿಕೋಟಾಕ್ಕೆ ಸೈಕಲ್ ತುಳಿದು ಹೋಗಿದ್ದೆ, ಮಾಘದ ಬಿಸಿಲು, ಲಾಡಲೇಸಾಬ ಗೋರಿಗೆ ಸುಣ್ಣ ಬಳಿಯುವುದನ್ನು ಬಿಟ್ಟು ಕೈ ಒರೆಸಿಕೊಳ್ಳುತ್ತ ಬಂದ, ಬರ್ರಿ, ಸಾಲಿ ಕಲತವರು ನಮ್ಮ ಕಾಗದ ನೋಡಾಕ ಬಂದ್ರ ನಮಗ ಹಬ್ಬರಿ, ಅವನ ಹೆಂಡತಿ ಪೀರಾಂಬಿ ಚಾ ಇಟ್ಟಳು, ಹೊನವಾಡದವರು ನಮ್ಮ ಕೈಯಾಗಿನ ಚಾ ಕುಡಿತಾರೋ ಇಲ್ಲೋ ಅಂತ ಅಂಜಿ ಸಕ್ರಿ ಜಾಸ್ತಿ ಹಾಕೀನ್ರಿ ಎಂದು ನಕ್ಕಳು, ಕುಡಿದೆ. ಸನದಿನ ನಾಲ್ಕು ಮೂಲೆಗೆ ನಾಲ್ಕು ಹುಣಸೆಬೀಜ ಇಟ್ಟು ಅವನು ಓದುತ್ತಾನೆ, ಅವನ ಅಜ್ಜ ಪಾರ್ಸಿ ಓದಲು ಕಲಿಸಿದ್ದನಂತೆ, ನನಗೆ ಆ ಲಿಪಿ ಬಾರದು, ಅವನು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ಬಾದಶಹನ ಹೆಸರು ಅಲಿ, ಸನ್ ಸಾವಿರದ ಅರವತ್ತು — ಅವನ ಹೆಬ್ಬೆರಳು ಸನ್ನಿನ ಹಿಂದಿನ ಶಬ್ದದ ಕೆಳಗೆ ಬಂದು ನಿಂತಿತು, ಉಗುರಿನಲ್ಲಿ ಸುಣ್ಣ, ಆ ಶಬ್ದವನ್ನೂ ಓದಿ ಹೇಳಿದ, ಯಪ್ಪಾ, ಇದನ್ನೂ ಬರ್ಕೋ, ಇದು ಸುಮ್ಮ ಬರದದ್ದಲ್ಲ. ನಾನೆಂದೆ, ಇರ್ಲಿ ಬಿಡ್ರಿ, ಅಂಕಿ ಸಾಕು. ಮುಸಲ್ಮಾನ ಬಾದಶಹ, ಅಂದ ಮೇಲೆ ಹಿಜರಿ, ಅಷ್ಟೂ ಗೊತ್ತಿಲ್ಲದೆ ಇತಿಹಾಸ ಓದುತ್ತಿದ್ದೇನೆಯೇ. ಹಿಜರಿ 1060 ಅಂದರೆ ಇಸವಿ 1650, ಎರಡನೆಯ ಅಲಿ ಪಟ್ಟಕ್ಕೆ ಬಂದದ್ದು 1656ರಲ್ಲಿ, ಪಟ್ಟವೇರುವ ಆರು ವರ್ಷ ಮೊದಲೇ ಬಾದಶಹನೆಂದು ಹೊಲ ಕೊಟ್ಟನೇ, ಆದ್ದರಿಂದ ಖೊಟ್ಟಿ. ಎಷ್ಟು ಚೊಕ್ಕ ಇತ್ತು ಆ ಆದ್ದರಿಂದ. ನಿನ್ನೆ ಸಂಜೆ ಲಾಯಬ್ರರಿಯಲ್ಲಿರುವ ಒಂದೇ ಒಂದು ಕಪಾಟಿನಲ್ಲಿ ಬೇರೇನೋ ಹುಡುಕುತ್ತಿದ್ದಾಗ ಸನ್‌ಗಳ ಕೋಷ್ಟಕ ಸಿಕ್ಕಿತು, ಆದಿಲಶಾಹಿ ದಫ್ತರದಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು, ಶುಹೂರ್ ಸನ್, ಅದಕ್ಕೆ ಐನೂರ ತೊಂಬತ್ತೊಂಬತ್ತು ಕೂಡಿಸಬೇಕು, 1659, ಅಲಿ ಸಿಂಹಾಸನದ ಮೇಲೇ ಇದ್ದಾನೆ. ಶುಹೂರ್. ಅವನು ಓದಿದ್ದು ಅದನ್ನೇ, ನಾನು ಬಿಟ್ಟದ್ದು ಅದನ್ನೇ.

ಹತ್ತು ಐವತ್ತೆರಡು, ಗಿಡದ ಕೆಳಗೆ ಲಾಡಲೇಸಾಬ ಕೊಳವೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ, ಪಾಠ ಮುಗಿದ ಮೇಲೆ ಹೇಳಬಹುದು, ಸರ್ ಒಬ್ಬರೇ ಇದ್ದಾಗ, ಪತ್ರ ಹೋದ ಮೇಲೆ, ಮುಂದಿನ ವಾರ ತಿದ್ದುಪಡಿ ಅಂತ ಎರಡು ಸಾಲು — ಹನ್ನೊಂದೂವರೆಗೆ ಮುಂದಿನ ವಾರ ಎಲ್ಲಿಂದ ಬರುತ್ತದೆ — ಸರ್ ಕರೆದರು, ಅಮರಪ್ಪ, ಏಳು, ನಿನ್ನ ಲೇಖನ ಓದು, ಪುರಾವೆ ಹ್ಯಾಂಗ ತೂಗಬೇಕು ಇವರೂ ಕೇಳಲಿ, ಕತ್ತರಿಕೆ ಕೈಗೆ ಬಂತು, ಓದುತ್ತಿದ್ದೇನೆ, ದನಿ ನನ್ನದೇ, ಸನದಿನಲ್ಲಿ ನಮೂದಾದ ಹಿಜರಿ ಸಾವಿರದ ಅರವತ್ತು — ಸರ್, ಸನದಿನಾಗ ಹಿಜರಿ ಅನ್ನೂ ಶಬ್ದಾನ ಇಲ್ರಿ. ಸಿದ್ದರಾಯ ಕಾಲು ತುಳಿದ. ಏನಂದಿ? ನಾ ಓದದ ಬರದೀನ್ರಿ, ಅಲ್ಲಿ ಬ್ಯಾರೆ ಶಬ್ದ ಐತ್ರಿ. ಸರ್ ಕೈ ಕೋಟಿನ ಕಿಸೆಯ ಮೇಲೆ ಹೋಯಿತು, ಮತ್ತ ಏನೈತೋ ಅಲ್ಲಿ, ಏನೈತಿ — ಹುಣಸೆಬೀಜ, ಹಳದಿ ಕಾಗದ, ಸುಣ್ಣದ ಉಗುರು, ಶುಹೂರ್ ಎಂಬ ಶಬ್ದದ ಕೆಳಗೆ, ಇನ್ನೂ ಅಲ್ಲೇ, ಸುಣ್ಣದ ಉಗುರು